ಡೆಂಗಿ ರೋಗಿ ಎದುರಿಗಿದ್ದಾಗ ಪಬ್‌ಮೆಡ್‌ನಲ್ಲಿ ಹುಡುಕುವುದು ಹೇಗೆ

ಬೆಂಗಳೂರಿನಲ್ಲಿ ಮಳೆ ಹಿಡಿಯಿತೆಂದರೆ ಒಪಿಡಿಯಲ್ಲಿ ಡೆಂಗಿ ಕೇಸುಗಳು. ರಕ್ತಸ್ರಾವವಿಲ್ಲ, ಪ್ಲೇಟ್‌ಲೆಟ್ ಮಾತ್ರ 18,000. ಹೊರಗಿನಿಂದ ಪ್ಲೇಟ್‌ಲೆಟ್ ಏರಿಸಬೇಕೇ? ಮನೆಯವರು ಬಾಗಿಲಲ್ಲೇ ನಿಂತಿರುತ್ತಾರೆ.

ಪಬ್‌ಮೆಡ್ ತೆರೆಯಿರಿ; ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ತಾಣವಿದು, ದುಡ್ಡು ಕೊಡಬೇಕಿಲ್ಲ. ರೋಗಿ, ಚಿಕಿತ್ಸೆ, ಹೋಲಿಕೆ, ಫಲಿತಾಂಶ ಎಂದು ಪ್ರಶ್ನೆಯನ್ನು ಒಡೆದುಕೊಳ್ಳಿ. ಆದರೆ ಹುಡುಕಲು ಮೊದಲೆರಡೇ ಸಾಕು: ಡೆಂಗಿ, ಪ್ಲೇಟ್‌ಲೆಟ್ ಟ್ರಾನ್ಸ್‌ಫ್ಯೂಷನ್, ನಡುವೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ‘ಆಂಡ್’ (AND). ನಾಲ್ಕನ್ನೂ ತುರುಕಿದರೆ ಒಳ್ಳೆಯ ಲೇಖನಗಳೇ ಜಾರಿಹೋಗುತ್ತವೆ. ಪದಗಳಿಗೆ ಉದ್ಧರಣ ಚಿಹ್ನೆಯನ್ನೂ ಸುಮ್ಮಸುಮ್ಮನೆ ಹಾಕಬೇಡಿ. ಹಾಕಿದೊಡನೆ ಪಬ್‌ಮೆಡ್ ತಾನಾಗಿ ಸಮಾನಾರ್ಥಕ ಪದಗಳನ್ನು ಸೇರಿಸಿಕೊಳ್ಳುವುದು ನಿಂತುಬಿಡುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಎಡಗಡೆ ‘ರ್‍ಯಾಂಡಮೈಸ್ಡ್ ಕಂಟ್ರೋಲ್ಡ್ ಟ್ರಯಲ್’ಗೆ ಟಿಕ್ ಹಾಕಿ; ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ ಚಿಕಿತ್ಸೆಗಳನ್ನು ಹೋಲಿಸುವ ಅಧ್ಯಯನಗಳಿವು. 2017ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಸಿಂಗಪುರ-ಮಲೇಷ್ಯಾ ಅಧ್ಯಯನ ಸಿಗುತ್ತದೆ. ಪ್ಲೇಟ್‌ಲೆಟ್ 20,000 ಅಥವಾ ಅದಕ್ಕಿಂತ ಕಡಿಮೆಯಿದ್ದ ವಯಸ್ಕರಿಗೆ ಮುನ್ನೆಚ್ಚರಿಕೆಯಾಗಿ ಪ್ಲೇಟ್‌ಲೆಟ್ ಕೊಟ್ಟರೂ ರಕ್ತಸ್ರಾವ ತಗ್ಗಲಿಲ್ಲ, ಅಡ್ಡಪರಿಣಾಮಗಳೇ ಹೆಚ್ಚಿದವು.

ಸಾರಾಂಶ ಓದಿ ಅಲ್ಲಿಗೇ ನಿಲ್ಲಿಸಬೇಡಿ. ಯಾರನ್ನು ಹೊರಗಿಟ್ಟಿದ್ದಾರೆ ಎಂಬುದನ್ನು ನೋಡಲೇಬೇಕು, ಇದು ನನ್ನ ಹಟ. ಈ ಅಧ್ಯಯನದಲ್ಲಿ ಮಕ್ಕಳಿರಲಿಲ್ಲ, ಜೋರು ರಕ್ತಸ್ರಾವವಿದ್ದವರೂ ಇರಲಿಲ್ಲ. ನಿಮ್ಮೆದುರು ಕೂತಿರುವುದು ಎಂಟು ವರ್ಷದ ಹುಡುಗಿಯಾದರೆ ವಯಸ್ಸಿನ ಫಿಲ್ಟರ್ ಹಾಕಿ ಮತ್ತೆ ಹುಡುಕಿ.