ಹೆಸರಿನ ಕಾಲಂ

2025 ಫೆಬ್ರವರಿ 15, ಶನಿವಾರ

ಇವತ್ತು ಕಾಲೇಜು ಅರ್ಧ ದಿನ. ಮಧ್ಯಾಹ್ನ ಕಂಪ್ಯೂಟರ್ ಲ್ಯಾಬ್ ಖಾಲಿ ಇತ್ತು. ಎಂ.ಎ. ಓದುವ ಹುಡುಗಿಯೊಬ್ಬಳು ಅಮೆರಿಕದ ಕಪ್ಪು ಜನರ ಚರಿತ್ರೆಯ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದಾಳೆ. ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಬರೆದ ಪತ್ರ ಓದಿದಾಗಿನಿಂದ ಅವಳಿಗೆ ಈ ವಿಷಯದ ಗುಂಗು. ಪುಸ್ತಕ ಓದಿ ಬರೆದರೆ ಸಾಲದು, ಆ ಕಾಲದ ಕಾಗದಗಳನ್ನೇ ನೋಡು ಅಂತ ನಾನೇ ಹೇಳಿದ್ದೆ.

1860ರ ಜನಗಣತಿಯ ಗುಲಾಮರ ಪಟ್ಟಿ ತೆರೆದುಕೊಂಡು ಕೂತಿದ್ದಳು. ತುಂಬ ಹೊತ್ತು ನೋಡಿ, "ಮೇಡಂ, ಇದರಲ್ಲಿ ಅವರ ಹೆಸರೇ ಇಲ್ವಲ್ಲ" ಅಂದಳು.

ಹೌದು, ಇಲ್ಲ. ಒಡೆಯನ ಹೆಸರಿದೆ. ಅದರ ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಆ ವರ್ಷ ಅಲ್ಲಿ ಗುಲಾಮರಾಗಿದ್ದವರು 39 ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಬದುಕುಳಿದವರ ಹೆಸರು ಜನಗಣತಿಯಲ್ಲಿ ಬಂದಿದ್ದು 1870ರಲ್ಲಿ. ಅಜ್ಜ, ಮುತ್ತಜ್ಜ ಅಂತ ಹುಡುಕುತ್ತಾ ಹಿಂದೆ ಹೋದವರು ಆ ವರ್ಷಕ್ಕೆ ಬಂದು ದಾರಿ ಕಾಣದೆ ನಿಲ್ಲುತ್ತಾರೆ.

ಅವಳಿಗೆ ಬ್ಯಾಂಕಿನ ಪುಸ್ತಕ ತೋರಿಸಿದೆ. 1865ರ ಮಾರ್ಚ್‌ನಲ್ಲಿ, ಅಂತರ್ಯುದ್ಧ ಇನ್ನೇನು ಮುಗಿಯುತ್ತದೆ ಅನ್ನುವಾಗ, ಬಿಡುಗಡೆಯಾದ ಜನರ ಉಳಿತಾಯಕ್ಕೆಂದು ಫ್ರೀಡ್‌ಮನ್ಸ್ ಬ್ಯಾಂಕ್ ಶುರುವಾಯಿತು. ಖಾತೆ ತೆರೆಯಲು ಬಂದವರ ಗುರುತಿಗಾಗಿ ಮನೆಮಂದಿಯ ವಿವರ ಬರೆದುಕೊಳ್ಳುತ್ತಿದ್ದರು. ಹುಟ್ಟಿದ ಊರು, ಬೆಳೆದ ಊರು, ಕೆಲಸ, ಗಂಡ ಅಥವಾ ಹೆಂಡತಿ, ಮಕ್ಕಳು, ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಅಕ್ಕತಂಗಿಯರು. ಹಳೇ ಒಡೆಯನ ಹೆಸರಿಗೂ ಕಾಲಂ ಇತ್ತು. ಎಲ್ಲ ಶಾಖೆಗಳಲ್ಲೂ ಪೂರ್ತಿ ತುಂಬಿಲ್ಲ. ಆದರೆ ತುಂಬಿರುವ ಒಂದು ಪುಟ ಸಿಕ್ಕಿದರೂ ಇಡೀ ಕುಟುಂಬ ಎದ್ದು ಬರುತ್ತದೆ.

ಒಡೆಯನ ಹೆಸರು ಯಾಕೆ ಬೇಕು ಅಂತ ಅವಳಿಗೆ ಸಿಟ್ಟು. ಬೇಕೇ ಬೇಕು. ಗುಲಾಮಗಿರಿ ಮುಗಿದ 1865ಕ್ಕಿಂತ ಹಿಂದೆ ಹೋಗಲು ಇರುವ ದಾರಿ ಬಹುಪಾಲು ಅದೇ. ಒಡೆಯ ಸತ್ತಾಗ ಕೋರ್ಟಿನಲ್ಲಿ ಅವನ ಆಸ್ತಿ ಪಟ್ಟಿ ಮಾಡುತ್ತಿದ್ದರು. ಕುದುರೆ, ನೇಗಿಲು, ಹಾಸಿಗೆ, ಅದರ ಜೊತೆಗೇ ಮನುಷ್ಯರ ಹೆಸರು, ಪಕ್ಕದಲ್ಲಿ ಬೆಲೆ. ಎಷ್ಟು ಸಲ ನೋಡಿದರೂ ಕರುಳು ಹಿಂಡುತ್ತದೆ.

1874ರಲ್ಲಿ ಆ ಬ್ಯಾಂಕ್ ಮುಳುಗಿತು. 61 ಸಾವಿರ ಜನರ ಸುಮಾರು 30 ಲಕ್ಷ ಡಾಲರ್ ಅದರಲ್ಲಿ ಸಿಕ್ಕಿಕೊಂಡಿತು. ಹೊಲದಲ್ಲಿ ದುಡಿದು, ಬಟ್ಟೆ ಒಗೆದು ಕೂಡಿಟ್ಟ ದುಡ್ಡು. ಬಹಳ ಜನರಿಗೆ ಪೂರ್ತಿ ಹಣ ವಾಪಸ್ ಬರಲೇ ಇಲ್ಲ. ಆ ಖಾತೆ ಪುಸ್ತಕಗಳನ್ನು ಈಗ ನಾವು ಇಲ್ಲಿ ಕೂತು ಬಿಟ್ಟಿಯಾಗಿ ನೋಡುತ್ತೇವೆ. ಇದನ್ನೂ ಪ್ರಬಂಧದಲ್ಲಿ ಬರೆಯಲೇಬೇಕು ಅಂದೆ.

1930ರ ದಶಕದಲ್ಲಿ ಸರ್ಕಾರವೇ ಬರೆಸಿಕೊಂಡ ಹಳೇ ಗುಲಾಮರ ನೆನಪುಗಳನ್ನೂ ಅವಳು ಓದಿದ್ದಾಳೆ. ಅಮೆರಿಕದ ದೊಡ್ಡ ಸರ್ಕಾರಿ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 2,300ಕ್ಕೂ ಹೆಚ್ಚು ಇವೆ. "ಒಡೆಯ ಒಳ್ಳೆಯವನಿದ್ದ ಅಂತ ಇಷ್ಟು ಜನ ಯಾಕೆ ಹೇಳ್ತಾರೆ ಮೇಡಂ?" ಅಂತ ಕೇಳಿದಳು. ಚಾರ್ಲ್ಸ್‌ಟನ್ನಿನ ಸೂಸನ್ ಹ್ಯಾಮ್ಲಿನ್ ಅವರ ಎರಡು ಸಂದರ್ಶನ ತೆಗೆದುಕೊಟ್ಟೆ. ಎರಡೂ 1937ರವು. ನೂರು ದಾಟಿದ ಅಜ್ಜಿ. ಬಿಳಿ ಹೆಂಗಸೊಬ್ಬರು ಕೇಳಲು ಹೋದಾಗ, ಇವರು ನೆರವು ಕೊಡುವ ಆಫೀಸಿನವರು ಅಂದುಕೊಂಡು ಒಡೆಯನನ್ನು ಹೊಗಳಿದರು. ಕಪ್ಪು ಸಂದರ್ಶಕ ಅಗಸ್ಟಸ್ ಲ್ಯಾಡ್ಸನ್ ಹೋದಾಗ ಅದೇ ಅಜ್ಜಿ ಹೊಡೆತದ ಕಥೆ ಹೇಳಿದರು, ಮಕ್ಕಳನ್ನು ಮಾರಿದಾಗ ತಾಯಂದಿರು ಅತ್ತಿದ್ದನ್ನು ಹೇಳಿದರು. ಅಜ್ಜಿ ಅಂಜಿದ್ದರಲ್ಲಿ ತಪ್ಪೇನಿದೆ? ಹೊಟ್ಟೆಗಿಲ್ಲದ ಕಾಲ, ಎದುರಿಗೆ ಬಿಳಿಯರು. ಯಾರು ಕೇಳಿದರು ಅನ್ನುವುದನ್ನು ಮೊದಲು ನೋಡು, ಏನು ಹೇಳಿದರು ಅನ್ನುವುದನ್ನು ಆಮೇಲೆ ಓದು ಅಂದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ರಾತ್ರಿ ಊಟ ಆದಮೇಲೆ ನಾನೊಬ್ಬಳೇ 'ಲಾಸ್ಟ್ ಫ್ರೆಂಡ್ಸ್' ಜಾಹೀರಾತುಗಳನ್ನು ಓದುತ್ತಾ ಕೂತೆ. ನ್ಯೂ ಆರ್ಲಿಯನ್ಸ್‌ನ ಚರ್ಚ್ ಪತ್ರಿಕೆಯೊಂದರ ಅಂಕಣ ಅದು. ಮಾರಾಟದಲ್ಲಿ ಬೇರೆಯಾದವರು ತಮ್ಮವರನ್ನು ಹುಡುಕಿ ಬರೆಯುತ್ತಿದ್ದರು. ಚಂದಾದಾರರಿಗೆ ಬಿಟ್ಟಿ, ಉಳಿದವರಿಗೆ 50 ಸೆಂಟ್. ಪಾದ್ರಿಗಳು ಇದನ್ನು ಚರ್ಚಿನಲ್ಲಿ ಓದಿ ಹೇಳಬೇಕು ಅಂತ ಅಂಕಣದ ಮೇಲೇ ಅಚ್ಚಾಗಿರುತ್ತಿತ್ತು.

ಅಮ್ಮನಿಗೆ ಒಂದನ್ನು ಕನ್ನಡದಲ್ಲಿ ಹೇಳಿದೆ. ಚಿಕ್ಕಂದಿನಲ್ಲಿ ತಾಯಿಯಿಂದ ಬೇರೆಯಾದವರು ದೊಡ್ಡವರಾದ ಮೇಲೆ ಬರೆದದ್ದು. ಅಮ್ಮ ಮಡಚುತ್ತಿದ್ದ ಬಟ್ಟೆ ಹಾಗೇ ಹಿಡಿದುಕೊಂಡು, "ಸಿಕ್ಕಿದ್ರಾ ಕೊನೆಗೆ?" ಅಂದರು.

1880ರ ಜನಗಣತಿಯಲ್ಲಿ ಮನೆಯ ಯಜಮಾನನಿಗೆ ಯಾರು ಏನಾಗಬೇಕು ಅಂತ ಮೊದಲ ಸಲ ಬರೆದರು. ಜಾಹೀರಾತು ಬರೆದವರ ಮನೆಗೆ ಆ ತಾಯಿ ಬಂದು ಸೇರಿದ್ದರೆ, ತಾಯಿ ಅಂತ ಬರೆದ ಸಾಲು ಅಲ್ಲಿ ಇರಬೇಕು. ಜಾಹೀರಾತು ಬರೆದವರ ಹೆಸರು ಬರೆದಿಟ್ಟುಕೊಂಡಿದ್ದೇನೆ. ಸೋಮವಾರ ನಾನು, ಆ ಹುಡುಗಿ ಇಬ್ಬರೂ ಕೂತು ಹುಡುಕುತ್ತೇವೆ.