ಪ್ಲೇಟ್‌ನಲ್ಲಿ ಐವತ್ತು, ಟೈಟಲ್‌ನಲ್ಲಿ ಐವತ್ತೊಂದು

ಭಾನುವಾರ, ಅಕ್ಟೋಬರ್ 12, 2025

ಸಂಜೆ ಪ್ರಸಾದನ ಫೋನು. ಹಸಿರು ಷೆವರ್ಲೆ ಪಿಕಪ್ ಮಾರೋದು ಖಾಯಂ ಅಂತೆ, ಮಿಶಿಗನ್‌ನಲ್ಲಿ ಹಿಮ ಶುರುವಾಗೋದರೊಳಗೆ. ಜಾಹೀರಾತು ಓದಿ ಹೇಳಿದ: "1951ರ 3100, ಪೂರ್ತಿ ರೀಸ್ಟೋರ್, ಮ್ಯಾಚಿಂಗ್ ನಂಬರ್ಸ್." ಮ್ಯಾಚಿಂಗ್ ಅಂದರೆ ಗಾಡಿ ಜೊತೆ ಬಂದ ಮೂಲ ಎಂಜಿನ್ನೇ ಇದೆ ಅಂತ. ಮೂರು ಮಾತು, ಮೂರಕ್ಕೂ ನನ್ನ ತಕರಾರು.

"ಟೈಟಲ್‌ನಲ್ಲೇ, ಮಾಲೀಕತ್ವದ ಕಾಗದದಲ್ಲೇ, 1951 ಅಂತ ಇದೆಯಲ್ಲೋ ಮಾರಾಯ."

"ಡ್ರೈವರ್ ಬಾಗಿಲು ತೆಗೆದು, ಕೀಲಿನ ಕಂಬದ ಮೇಲಿರೋ ಗಾಡಿ ನಂಬರಿನ ಪ್ಲೇಟ್ ಓದು."

"1HPG, ಆಮೇಲೆ ಬರೀ ಅಂಕಿ."

ಮೊದಲ 1 ಫ್ಲಿಂಟ್ ಕಾರ್ಖಾನೆ. H ಅಂದರೆ 1950, J ಇದ್ದಿದ್ದರೆ 1951. P ಅರ್ಧ ಟನ್ನಿನ 3100. G ಏಳನೇ ತಿಂಗಳು, ಜುಲೈ. ಗಾಡಿ 1950ರದ್ದೇ. ಆಗೆಲ್ಲ ಎಷ್ಟೋ ರಾಜ್ಯಗಳಲ್ಲಿ ಮಾರಾಟವಾದ ವರ್ಷವನ್ನೇ ಟೈಟಲ್‌ಗೆ ಬರೆದುಬಿಡ್ತಿದ್ದರು. ಡೀಲರ್ ಹತ್ತಿರ ಚಳಿಗಾಲ ಕಳೆದ ಗಾಡಿಗೆ ಒಂದು ವರ್ಷ ಕಡಿಮೆ ವಯಸ್ಸು! ಮಾರುವಾಗ ಎರಡನ್ನೂ ಬರೆಯಬೇಕು, ಇಷ್ಟೇ. ನಿಜವಾಗಿ ನೋಡಬೇಕಾದ್ದು ಪ್ಲೇಟ್ ನಂಬರೂ ಟೈಟಲ್ ನಂಬರೂ ಅಕ್ಷರಕ್ಕಕ್ಷರ ಒಂದೇನಾ ಅಂತ. 17 ಅಕ್ಷರದ ನಂಬರ್ ಬಂದದ್ದು 1981ರಲ್ಲಿ. ಹಾಗಾಗಿ ಆನ್‌ಲೈನ್‌ನಲ್ಲಿ ಈ ಗಿಡ್ಡ ನಂಬರ್ ಹಾಕಿದರೆ 'ತಪ್ಪು' ಅಂತ ತೋರಿಸುತ್ತೆ, ಗಾಬರಿ ಬೇಡ.

ಆದರೆ ಇವನ ಬಾಗಿಲುಗಳ ಕಥೆ ಬೇರೆ. ಮುಂದೆ ತಿರುಗಿಸೋ ತ್ರಿಕೋನ ಕಿಟಕಿ ಇದೆ, ಅದು 1951ರಲ್ಲಿ ಬಂದದ್ದು. ಹಿಡಿಗೆ ಒತ್ತುವ ಗುಂಡಿ ಇದೆ, ಅದು 1952ರದ್ದು. ಅಂದರೆ ಬಾಗಿಲುಗಳು 1952ರವು ಅಥವಾ ಆಮೇಲಿನವು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿದು ಗಾಡಿಗೆ ತುಕ್ಕು ಹಿಡಿಸುವ ಊರಲ್ಲಿ ಬಾಗಿಲು ಬದಲಾಯಿಸೋದೇನೂ ಅಪರಾಧವಲ್ಲ. ಹೇಳದೆ ಮಾರಿದರೆ ಮಾತ್ರ ರಗಳೆ.

ಎಂಜಿನ್? ವಾಲ್ವ್ ಕವರ್ ಫೋಟೊ ಕಳಿಸು ಅಂದೆ. ಮೇಲೆ ನಡುವೆ ಎರಡು ನಟ್ ಇದ್ದರೆ ಹಳೆಯದು, ಅಂಚಿನಲ್ಲಿ ನಾಲ್ಕು ಸ್ಕ್ರೂ ಇದ್ದರೆ 1954ರಿಂದೀಚಿನ 235 ಎಂಜಿನ್ (ಘನ ಅಂಗುಲದ ಲೆಕ್ಕ). ಬಂದದ್ದು ನಾಲ್ಕು ಸ್ಕ್ರೂ. 1950ರ 3100ಗೆ ಬರ್ತಿದ್ದದ್ದು 216. ಅದರಲ್ಲಿ ಕನೆಕ್ಟಿಂಗ್ ರಾಡ್‌ಗಳಿಗೆ ಎಣ್ಣೆ ಚಿಮ್ಮಿಸುವ ವ್ಯವಸ್ಥೆ, ಬ್ಯಾಬಿಟ್ ಅನ್ನೋ ಮೆದು ಲೋಹದ ಎರಕ ಹೊಯ್ದ ಬೇರಿಂಗು. ಈಗ ಬ್ಯಾಬಿಟ್ ಹೊಯ್ಯುವವರೇ ಅಪರೂಪ. 1954ರಿಂದೀಚಿನ 235ರಲ್ಲಿ ಎಣ್ಣೆ ಒತ್ತಡದಲ್ಲಿ ಹೋಗುತ್ತೆ, ಬೇರಿಂಗ್ ಬದಲಾಯಿಸಬಹುದು. ಓಡಿಸುವವನಿಗೆ ಇದು ಲಾಭ, ಮೂಲರೂಪವೇ ಬೇಕು ಅನ್ನುವವನಿಗೆ ನಷ್ಟ.

"ಮ್ಯಾಚಿಂಗ್ ಅಂತ ಹಾಕಬಾರದಾ ಹಾಗಾದ್ರೆ?"

ಹಾಕಬಾರದು. ಈ ಗಾಡಿಗಳಲ್ಲಿ ಎಂಜಿನ್ ನಂಬರಿಗೂ ಪ್ಲೇಟ್ ನಂಬರಿಗೂ ಸಂಬಂಧವೇ ಇಲ್ಲ, ಏನನ್ನು ಮ್ಯಾಚ್ ಮಾಡೋದು? ಕೆಲವು ರಾಜ್ಯಗಳು ಎಂಜಿನ್ ನಂಬರ್ ಮೇಲೆಯೇ ಟೈಟಲ್ ಕೊಡ್ತಿದ್ದವು. ಅಂಥ ಗಾಡಿಯ ಎಂಜಿನ್ ಬದಲಾದರೆ ಕಾಗದ ಅನಾಥ. ಇವನ ಪುಣ್ಯ, ಟೈಟಲ್ ಪ್ಲೇಟ್ ನಂಬರಿನದು. "ಪ್ಲೇಟ್ ಮಾಸಿದೆ, ಹೊಸದು ಹೊಡೆಸಲಾ" ಅಂತ ಬೇರೆ ಕೇಳಿದ. ಮುಟ್ಟಬೇಡ ಅಂದೆ ಗಟ್ಟಿಯಾಗಿ. ಹೊಸ ಪ್ಲೇಟಿನ ಮೇಲೆ ಹೊಳೆಯೋ ಪಾಪ್ ರಿವೆಟ್ ಕಂಡ ಕೊಳ್ಳುವವ ಅಲ್ಲಿಂದಲೇ ವಾಪಸ್ ಹೋಗ್ತಾನೆ, ಕಾನೂನಿನ ತೊಡಕು ಬೇರೆ.

ಫೋಟೊ ವಿಚಾರ ಬೇಗ ಮುಗಿಸಿದೆ. ಬಣ್ಣ ಹೊಳೆಯೋದು ಎಲ್ಲರೂ ತೋರಿಸ್ತಾರೆ. ಕ್ಯಾಬಿನ ಹಿಂದಿನ ಕೆಳಮೂಲೆಗಳು, ಮೆಟ್ಟಿಲಿನ ತಳ, ಕ್ಯಾಬನ್ನು ಚಾಸಿಗೆ ಕೂರಿಸೋ ಮೌಂಟುಗಳು ಬೇಕು, ಒಳಗಿನಿಂದಲೂ ತೆಗೆದದ್ದು. ಮೂಲೆಗೆ ಅಯಸ್ಕಾಂತ ಹಿಡಿ, ಕಚ್ಚದಿದ್ದರೆ ಒಳಗೆ ಪುಟ್ಟಿ. ಕೊಳ್ಳುವವನೂ ಅಯಸ್ಕಾಂತ ತಂದೇ ತರ್ತಾನೆ. ತಣ್ಣಗಿರುವಾಗ ಸ್ಟಾರ್ಟ್ ಮಾಡೋ ವಿಡಿಯೊ ಒಂದು. 6 ವೋಲ್ಟ್ ಇದ್ದದ್ದನ್ನು 12 ಮಾಡಿಸಿದ್ದಾನೆ, ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಹೊಸಬ 6ರ ಬಲ್ಬು, ಮೀಟರು ತಂದು ಸುಡ್ತಾನೆ. ಪ್ಲೇಟಿನ ಕೊನೆಯ ಅಂಕಿಗಳನ್ನು ಮಾತ್ರ ಜಾಹೀರಾತಿನಲ್ಲಿ ಮುಚ್ಚಬೇಕು.

ಹಣ ಕೊಳ್ಳುವವನ ಬ್ಯಾಂಕಿನಲ್ಲೇ ಕೂತು ತಗೋ, ಬ್ಯಾಂಕೇ ಬರೆದುಕೊಡೋ ಕ್ಯಾಷಿಯರ್ ಚೆಕ್ಕಿನ ನಕಲಿಗಳು ಅಸಲಿಗಿಂತ ಚೆನ್ನಾಗಿರ್ತವೆ ಅಂದೆ. ನಕ್ಕ. ಆಮೇಲೆ ಸುಮ್ಮನಾಗಿ, "ಅಪ್ಪ ಬಂದಾಗ ಇದರಲ್ಲೇ ಸುತ್ತಾಡಿದ್ದು ಕಣೋ" ಅಂದ. ಬೆಲೆ ಎಷ್ಟು ಹಾಕ್ತೀಯ ಅಂತ ಕೇಳಿದ್ದಕ್ಕೆ ಉತ್ತರವಿಲ್ಲ. ಮಾರುವ ಮನಸ್ಸೇ ಇಲ್ಲವೇನೋ, ಇಲ್ಲಾ ಆ ಬಾಗಿಲುಗಳ ಲೆಕ್ಕ ಹಾಕ್ತಿದ್ದನೋ.