ಬಿಒಕ್ಯೂನಲ್ಲಿ ಇಲ್ಲದ ಗೋಡೆ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಹೋಂಸ್ಟೇ ಮಾಡಿಕೊಡುವ ಕೆಲಸದಲ್ಲಿ ನಾನು ಸೈಟ್ ಎಂಜಿನಿಯರ್ ಆಗಿದ್ದೆ. ಹ್ಯಾಂಡೋವರ್ ಆದ ಮೇಲೆ ಬಂದ ಮೊದಲ ಮೇ ತಿಂಗಳಲ್ಲಿ ಅಲ್ಲಿ ನಡೆದದ್ದು ನನ್ನನ್ನು ಈಗಲೂ ಚುಚ್ಚುತ್ತದೆ. ಮಲೆನಾಡಿನಲ್ಲಿ ಇಂಥ ಪರಿವರ್ತನೆಯ ಕೆಲಸಗಳು ಹೆಚ್ಚುತ್ತಿರುವುದರಿಂದ, ಅದೇ ಕೆಲಸದಲ್ಲಿರುವವರಿಗೆ ಉಪಯೋಗವಾಗಲೆಂದು ಅದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಆ ಮನೆಯ ನಡುಮನೆಗೆ ಮೊದಲು ಹಲಗೆ ಹಾಸಿ ಮೇಲೆ ಮಣ್ಣು ಮೆತ್ತಿದ ಮುಚ್ಚಿಗೆ ಇತ್ತು. ಮುಚ್ಚಿಗೆಯ ಮೇಲೆ ಅಟ್ಟ, ಅಟ್ಟದ ಮೇಲೆ ಮಂಗಳೂರು ಹೆಂಚು. ಹೆಂಚು ಎಷ್ಟೇ ಕಾದರೂ ಆ ಬಿಸಿ ಅಟ್ಟದಲ್ಲೇ ಉಳಿದು ಹೆಂಚಿನ ಸಂದುಗಳಿಂದ ಹೊರಗೆ ಹೋಗುತ್ತಿತ್ತು. ದಪ್ಪನೆಯ ಮಣ್ಣಿನ ಪದರ ಅದನ್ನು ಕೆಳಗೆ ಬಿಡುತ್ತಿರಲಿಲ್ಲ. ಅತಿಥಿಗಳಿಗೆ ಎತ್ತರದ ಹಾಲ್ ಬೇಕೆಂದು ಯಜಮಾನರು ಬಯಸಿದ್ದರಿಂದ ನಡುಮನೆಯ ಭಾಗದ ಮುಚ್ಚಿಗೆಯನ್ನು ತೆಗೆದು, ಜಿಪ್ಸಂ ಸೀಲಿಂಗನ್ನು ಐದು ಅಡಿ ಮೇಲಕ್ಕೆ ಏರಿಸಿ, ಸುತ್ತಲೂ ಜಿಐ ಸ್ಟಡ್ಡಿನ (ಸತು ಲೇಪಿತ ಉಕ್ಕಿನ ನಿಲುಪಟ್ಟಿ) ಮೇಲೆ ಒಂದೇ ಪದರದ ಜಿಪ್ಸಂ ಬೋರ್ಡಿನ ಗೋಡೆ ನಿಲ್ಲಿಸಿದೆವು. ಪಕ್ಕದ ಕೋಣೆಗಳ ಮೇಲಿನ ಮುಚ್ಚಿಗೆ ಮತ್ತು ಅಟ್ಟ ಹಾಗೆಯೇ ಉಳಿದವು. ಕೆಳಗಿನಿಂದ ನೋಡುವವರಿಗೆ ಅದು ಮನೆಯ ಒಳಗೋಡೆ. ಆದರೆ ಆ ಗೋಡೆಯ ಬೆನ್ನಿಗೆ ಇರುವುದು ಹೆಂಚಿನ ಕೆಳಗಿನ ಅಟ್ಟ, ಅಂದರೆ ಗಾಳಿ, ತೇವ, ಬಿಸಿಲು ಎಲ್ಲದರ ಮಟ್ಟಿಗೆ ಬಹುಪಾಲು ಹೊರಗಿನ ಲೋಕ.

ಎಸ್ಟಿಮೇಟ್ ಮಾಡುವಾಗ ಈ ಗೋಡೆ ಯಾರ ಲೆಕ್ಕಕ್ಕೂ ಬರಲಿಲ್ಲ. ನಮ್ಮ ಕಚೇರಿಯಲ್ಲಿ ಸೀಲಿಂಗ್ ಪ್ಲಾನ್ ನೋಡಿ ಚದರಡಿ ತೆಗೆಯುತ್ತಾರೆ. ಪ್ಲಾನಿನಲ್ಲಿ ನೆಟ್ಟಗೆ ನಿಂತ ಗೋಡೆ ಬರಿಯ ಗೆರೆಯಾಗಿ ಕಾಣುತ್ತದೆ. ಹಾಲಿನ ಅಳತೆ 24 ಅಡಿಗೆ 18 ಅಡಿ, ಅಂದರೆ 432 ಚದರಡಿಯ ಸೀಲಿಂಗ್. ಅದಕ್ಕೆ ಇನ್ಸುಲೇಷನ್ ಸೇರಿಸಿ ರೇಟ್ ಹಾಕಲಾಗಿತ್ತು. ಸುತ್ತಳತೆ 84 ಅಡಿ, ಎತ್ತರ ಐದು ಅಡಿ ಎಂದು ಗುಣಿಸಿದರೆ ಗೋಡೆಯೂ 420 ಚದರಡಿ ಆಗುತ್ತದೆ. ಸೀಲಿಂಗಿನಷ್ಟೇ ದೊಡ್ಡದಾದ ಒಂದು ಮೈ ಬಿಒಕ್ಯೂನಿಂದ, ಅಂದರೆ ಕೆಲಸದ ಐಟಂ ಮತ್ತು ಪ್ರಮಾಣಗಳ ಪಟ್ಟಿಯಿಂದ, ಪೂರ್ತಿ ಬಿಟ್ಟುಹೋಗಿತ್ತು. ಸೈಟಿನಲ್ಲಿ ಉಳಿದಿದ್ದ, ಗಾಜಿನ ನೂಲಿನ ಇನ್ಸುಲೇಷನ್ ಆದ ಗ್ಲಾಸ್‌ವುಲ್ ಸುರುಳಿಗಳನ್ನು, ಫಾಯಿಲ್ ಅಂಟಿಸಿದ ಮೈಯನ್ನು ಹಾಲಿನ ಕಡೆಗೆ ತಿರುಗಿಸಿ, ಸ್ಟಡ್ಡುಗಳ ನಡುವೆ ತುರುಕಿ, ಅಲ್ಲಲ್ಲಿ ತಂತಿ ಕಟ್ಟಿ ಕೆಲಸ ಮುಗಿಸಲಾಯಿತು. ಅಟ್ಟದ ಕಡೆಗೆ ನೂಲು ಬರಿದಾಗಿಯೇ ಉಳಿಯಿತು. ಸ್ನ್ಯಾಗ್ ಲಿಸ್ಟ್ (ಬಾಕಿ ದೋಷಗಳ ಪಟ್ಟಿ) ತಯಾರಿಸುವಾಗ ಯಾರೂ ಅಟ್ಟಕ್ಕೆ ಹತ್ತಲಿಲ್ಲ.

ಮೇ ಕೊನೆಯಲ್ಲಿ ಯಜಮಾನರಿಂದ ಫೋನ್ ಬಂತು. ಹಾಲಿನ ಪಶ್ಚಿಮ ಗೋಡೆಯ ಕೋವ್ (ಏರಿಸಿದ ಗೋಡೆಯ ಬುಡದ ಪೊಳ್ಳು ಅಂಚು) ಉದ್ದಕ್ಕೂ ಕಂದು ಕಲೆ ಬಿದ್ದಿದೆ, ಮೂಲೆಯಲ್ಲಿ ನೀರು ತೊಟ್ಟಿಕ್ಕುತ್ತಿದೆ, ಮರುದಿನ ಮೊಮ್ಮಗುವಿನ ನಾಮಕರಣ. ಅದಕ್ಕೆ ಹಿಂದಿನ ದಿನಗಳಲ್ಲಿ ಎರಡು ಮಳೆ ಬಿದ್ದಿದ್ದರಿಂದ ಹೆಂಚು ಸೋರುತ್ತಿದೆ ಎಂದೇ ಎಲ್ಲರೂ ತಿಳಿದರು. ಕಚೇರಿಯಿಂದಲೂ ಹೆಂಚಿನ ಗುತ್ತಿಗೆದಾರನ ಹೆಸರಿಗೆ ದೂರು ಬರೆದದ್ದಾಯಿತು. ನಾನೂ ಅದನ್ನೇ ನಂಬಿ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ಪಶ್ಚಿಮದ ಇಳಿಜಾರಿನಲ್ಲಿ ಎರಡು ಸಾಲು ಹೆಂಚು ತೆಗೆಸಿದೆ.

ಮೇಸ್ತ್ರಿಗೆ ಅರವತ್ತು ದಾಟಿದೆ, ಹೆಂಚಿನ ಕೆಲಸದಲ್ಲೇ ಕೂದಲು ಬೆಳ್ಳಗಾದವರು. ತೆರೆದ ಜಾಗದಲ್ಲಿ ಹೆಂಚು ಕೂರುವ ಮರದ ಪಟ್ಟಿಗಳಾದ ರೀಪಿನ ಮೇಲೂ ಅದನ್ನು ಹೊತ್ತ ಇಳಿಜಾರು ಮರಗಳಾದ ಪಕ್ಕಾಸಿನ ಮೇಲೂ ಕೈ ಇಟ್ಟು ಅವರು ಕೂಡಲೇ ಹೇಳಿದರು: "ರೀಪು ಒಣಗಿಯೇ ಇದೆ ಸಾರ್. ಹೆಂಚು ಸೋರಿದ್ದರೆ ಪಕ್ಕಾಸಿನ ಮೇಲೆ ನೀರಿನ ಗೆರೆ ಕಾಣಬೇಕಿತ್ತು. ಇದು ಮೇಲಿನ ನೀರಲ್ಲ." ನಾನು ಒಪ್ಪಲಿಲ್ಲ; ಇನ್ನೂ ಒಂದು ಸಾಲು ತೆಗೆಯಿರಿ ಎಂದೆ. ಕೆಳಗೆ ನೆಂಟರು ಬಂದು ಸೇರುತ್ತಿದ್ದರು, ಯಜಮಾನರು ಮೆಟ್ಟಿಲ ಬಳಿ ನಿಂತು "ಸಿಕ್ತಾ ಎಂಜಿನಿಯರೇ, ಸಿಕ್ತಾ?" ಎಂದು ಕೇಳುತ್ತಿದ್ದರು, ಘಟ್ಟದ ಕಡೆಯಿಂದ ಮೋಡ ಕವಿಯುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಮೂರನೆಯ ಸಾಲಿನ ರೀಪೂ ಒಣಗಿಯೇ ಇತ್ತು. ಹೆಂಚು ಮತ್ತೆ ಹೊದಿಸಲು ಆರಂಭಿಸುವ ಹೊತ್ತಿಗೆ ಮಳೆ ಹಿಡಿಯಿತು.

ಆ ಮಳೆ ಹೆಚ್ಚು ಹೊತ್ತು ಬರಲಿಲ್ಲ, ಆದರೆ ನಮ್ಮ ಪಾಲಿಗೆ ಅದು ಸಾಕಷ್ಟು ದೀರ್ಘವಾಗಿತ್ತು. ಟಾರ್ಪಾಲ್ ಬಿಚ್ಚುವಷ್ಟರಲ್ಲಿ ಗಾಳಿ ಅದರ ಒಂದು ತುದಿಯನ್ನು ಕಿತ್ತುಕೊಂಡಿತು. ಕೈಯಾಳು ಹುಡುಗ ಜಾರುವ ಹೆಂಚಿನ ಮೇಲೆ ಅದನ್ನು ಹಿಡಿಯಲು ಹೋದಾಗ ಮೇಸ್ತ್ರಿ ಜೋರಾಗಿ ಗದರಿಸಿ ಅವನನ್ನು ಕೂರಿಸಿದರು. ತೆರೆದ ಜಾಗದಿಂದ ನೀರು ನೇರವಾಗಿ ಸೀಲಿಂಗಿನ ಮೇಲೆ ಬಿತ್ತು. ನಾನು ಕೆಳಗಿಳಿದು ನೋಡಿದಾಗ ಮೂಲೆಯ ಬೋರ್ಡು ಹೊಟ್ಟೆಯುಬ್ಬಿಸಿಕೊಂಡು ಕೆಳಗೆ ಜಗ್ಗಿತ್ತು, ಅದರ ಕೆಳಗೇ ತೊಟ್ಟಿಲು ಇತ್ತು. ತೊಟ್ಟಿಲನ್ನೂ ಹೆಂಗಸರನ್ನೂ ಹಿತ್ತಿಲ ಕೋಣೆಗೆ ಕಳುಹಿಸಿ, ಲೈಟಿನ ಎಂಸಿಬಿ ಇಳಿಸಿ, ಏಣಿ ಹತ್ತಿ ಉಬ್ಬಿದ ಜಾಗದ ನಡುವೆ ಸ್ಕ್ರೂಡ್ರೈವರಿನಿಂದ ತೂತು ಮಾಡಿದೆ. ನೀರು ಬಕೆಟ್ಟಿಗೆ ಧಾರೆಯಾಗಿ ಇಳಿಯಿತು, ಬೋರ್ಡು ಬೀಳಲಿಲ್ಲ. ಆ ಮನೆಯಲ್ಲಿ ಅಂದು ಮೇಲಿನಿಂದ ಬಿದ್ದ ನೀರೆಲ್ಲ ನಾವೇ ತೆರೆದ ಜಾಗದಿಂದ ಬಿದ್ದದ್ದು. ರೀಪು ಒಣಗಿದೆ ಎಂಬ ಮಾತನ್ನು ಮೊದಲನೆಯ ಸಾಲಿಗೇ ಕೇಳಿದ್ದರೆ ಅಷ್ಟು ಹೆಂಚು ತೆಗೆಯುವ ಅಗತ್ಯವಿರಲಿಲ್ಲ.

ಕಾರಣ ಸಿಕ್ಕಿದ್ದು ರಾತ್ರಿ. ಹೆಂಚು ಹೊದಿಸಿ ಮುಗಿದಿತ್ತು, ಮಳೆ ನಿಂತಿತ್ತು, ನೆಂಟರಿಗೆ ಸೆಕೆಯಾಗುತ್ತದೆಂದು ಹಾಲಿನ ಎರಡೂ ಎಸಿಗಳನ್ನು 20 ಡಿಗ್ರಿಗೆ ಇಟ್ಟಿದ್ದರು. ನಾನು ಟಾರ್ಚ್ ಹಿಡಿದು ಉತ್ತರದ ಗೋಡೆಯ ಬೆನ್ನಿಗೆ ಹೋದೆ. ಅತ್ತ ನಾವು ಹೆಂಚು ಮುಟ್ಟಿರಲಿಲ್ಲ, ಮಳೆಯ ಹನಿಯೂ ಬಿದ್ದಿರಲಿಲ್ಲ. ಹೊರಗಿನಿಂದ ಗ್ಲಾಸ್‌ವುಲ್ ಒಣಗಿದಂತೆಯೇ ಇತ್ತು. ಎರಡು ಬೆರಳು ತೂರಿಸಿ ನೂಲನ್ನು ಬೋರ್ಡಿನಿಂದ ಸ್ವಲ್ಪ ಸರಿಸಿದಾಗ, ಒಳಗಿನ ಫಾಯಿಲ್ ಮೈತುಂಬ ಸಣ್ಣ ಸಣ್ಣ ಹನಿಗಳು ಕಂಡವು. ಕೆಲವು ಒಂದಕ್ಕೊಂದು ಸೇರಿ ಕೆಳಕ್ಕೆ ಜಾರಿ ತಳದ ಜಿಐ ಟ್ರ್ಯಾಕಿನಲ್ಲಿ ನಿಲ್ಲುತ್ತಿದ್ದವು. ಆ ಟ್ರ್ಯಾಕಿನಲ್ಲೇ ಕೂತಿದ್ದ ಬೋರ್ಡಿನ ಅಂಚು ನೀರು ಕುಡಿದು ಮೆತ್ತಗಾಗಿ, ಬೆರಳಿಟ್ಟರೆ ಕಾಗದ ಕಳಚಿಕೊಳ್ಳುತ್ತಿತ್ತು. ಕೋವ್ ಮೇಲಿನ ಕಂದು ಕಲೆ ಅಲ್ಲಿಂದ ಬಂದದ್ದು.

ಅಂದು ಅಟ್ಟದ ಗಾಳಿ 29 ಡಿಗ್ರಿ, ತೇವಾಂಶ ಶೇಕಡ 80ರ ಆಸುಪಾಸು. ಅಂಥ ಗಾಳಿಯ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ಮೈಗೆ ತಾಗಿದರೂ ನೀರು ಬಿಡುತ್ತದೆ. 20 ಡಿಗ್ರಿಯ ಹಾಲಿಗೆ ಅಂಟಿಕೊಂಡ ಫಾಯಿಲ್ 21ರ ಹತ್ತಿರ ಇದ್ದಿರಬೇಕು. ಗ್ಲಾಸ್‌ವುಲ್ ಬಿಸಿಯನ್ನು ತಡೆಯುವುದು ತನ್ನ ನೂಲಿನ ನಡುವೆ ಗಾಳಿಯನ್ನು ಅಲುಗಾಡದಂತೆ ಹಿಡಿದಿಟ್ಟುಕೊಳ್ಳುವುದರಿಂದ. ಅದು ನೀರಾವಿಯನ್ನು ತಡೆಯುವುದಿಲ್ಲ, ಬೀಸುವ ಗಾಳಿಯನ್ನೂ ತಡೆಯುವುದಿಲ್ಲ. ಹೆಂಚಿನ ಸಂದಿನಿಂದ ಬಂದ ತೇವದ ಗಾಳಿ ನೂಲಿನೊಳಗೆ ನುಗ್ಗಿ ತಣ್ಣನೆಯ ಫಾಯಿಲ್ ಮೇಲೆ ನೀರಾಗುತ್ತಿತ್ತು. ಕೋಣೆಯನ್ನು ಬೆಚ್ಚಗಿಡಬೇಕಾದ ಚಳಿ ದೇಶಗಳಲ್ಲಿ ಆವಿ ತಡೆಯುವ ಪದರವನ್ನು ಕೋಣೆಯ ಕಡೆಗೆ ಇಡುತ್ತಾರೆ, ಏಕೆಂದರೆ ಅಲ್ಲಿ ಬೆಚ್ಚನೆಯ, ತೇವದ ಗಾಳಿ ಇರುವುದು ಒಳಗೆ. ಎಸಿ ಹಾಕುವ ನಮ್ಮ ಹಾಲಿಗೆ ಅದು ತಲೆಕೆಳಗು. ಬೆಚ್ಚನೆಯ, ತೇವದ ಕಡೆ ಎಂದರೆ ಅಟ್ಟ. ತಡೆ ಇರಬೇಕಾದದ್ದು ಅಟ್ಟದ ಮೈಗೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ನೆರೆಯಲ್ಲಿ ಕೆಲಸ ಮಾಡುವಾಗ ಈ ಮಾತು ಡ್ರಾಯಿಂಗಿನ ಮೇಲೆ ಬರೆದಿರಲೇಬೇಕು.

ಇದು ನೀರಿನ ಕತೆ. ಬೇಸಿಗೆಯ ದೂರು ಅದಕ್ಕಿಂತ ಮೊದಲೇ ಬಂದಿತ್ತು, ನಾವು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಏಪ್ರಿಲ್ ಮಧ್ಯಾಹ್ನ ಎರಡು ಎಸಿ ಓಡಿದರೂ ಹಾಲ್ ತಣ್ಣಗಾಗುವುದಿಲ್ಲ ಎಂದಾಗ ಎಸಿ ಕಂಪನಿಯವರನ್ನು ಕೇಳಿ ಎಂದು ಉತ್ತರಿಸಿದ್ದೆವು. ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಯು-ಮೌಲ್ಯ ಎಂದರೆ ಎರಡು ಬದಿಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನಿಂದ ದಾಟುವ ಬಿಸಿ, ವ್ಯಾಟ್ ಲೆಕ್ಕದಲ್ಲಿ. ಬರಿಯ 12.5 ಮಿಲಿಮೀಟರ್ ಜಿಪ್ಸಂ ಗೋಡೆಗೆ ಅದು ಸುಮಾರು 3. ಮನೆಗಳ ಇಂಧನ ಉಳಿತಾಯಕ್ಕಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಛಾವಣಿಗೆ ಇಟ್ಟಿರುವ ಮಿತಿ 1.2. ಅಟ್ಟ 45 ಡಿಗ್ರಿ, ಹಾಲ್ 25 ಡಿಗ್ರಿ ಇರುವಾಗ 39 ಚದರ ಮೀಟರಿನ ಈ ಗೋಡೆಯಿಂದಲೇ 2.3 ಕಿಲೋವ್ಯಾಟಿನಷ್ಟು ಬಿಸಿ ಒಳಗೆ ಬರುತ್ತದೆ. ಒಂದು ಟನ್ ಎಸಿ ಹೊರಗೆ ಹಾಕುವುದು 3.5 ಕಿಲೋವ್ಯಾಟ್. ಗ್ಲಾಸ್‌ವುಲ್ ಇತ್ತಲ್ಲ ಎನ್ನಬಹುದು. ತುರುಕಿ ಒತ್ತಿದ, ಜಾರಿ ಮೇಲ್ಗಡೆ ಬಾಯಿಬಿಟ್ಟ, ಗಾಳಿಗೆ ತೆರೆದುಕೊಂಡ ಗ್ಲಾಸ್‌ವುಲ್ ಪೊಟ್ಟಣದ ಮೇಲೆ ಅಚ್ಚಾದ ಅಂಕಿಯನ್ನು ಕೊಡುವುದಿಲ್ಲ. ಅದರ ನಡುವೆ ನಿಂತ ಜಿಐ ಸ್ಟಡ್ಡುಗಳಂತೂ ಲೋಹವಾದ್ದರಿಂದ ಬಿಸಿಯನ್ನು ನೇರವಾಗಿ ಬೋರ್ಡಿಗೆ ತಲುಪಿಸುತ್ತವೆ.

ರಿಪೇರಿಯನ್ನು ನಾಮಕರಣ ಮುಗಿದ ಮೇಲೆ ಆರಂಭಿಸಿದೆವು. ಒದ್ದೆಯಾದ ನೂಲನ್ನು ಹೊರಗೆ ಹಾಕಿ, ಬೂಸ್ಟು ಹಿಡಿದ ಬೋರ್ಡಿನ ಕೆಳಭಾಗವನ್ನು ಕತ್ತರಿಸಿ ತೆಗೆದು, ಫ್ಯಾನ್ ಇಟ್ಟು ಒಣಗಿಸಿದ ಮೇಲೆ ಮೊದಲು ಹಿಡಿದದ್ದು ಸಂದುಗಳ ಕೆಲಸ. ಊದಿನಕಡ್ಡಿ ಹಚ್ಚಿ ಗೋಡೆಯ ಉದ್ದಕ್ಕೂ ಹಿಡಿದಾಗ ಹೊಗೆ ಎಲ್ಲೆಲ್ಲಿ ಒಳಕ್ಕೆ ಎಳೆಯಲ್ಪಡುತ್ತಿತ್ತೋ ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದೆವು. ವೈರಿನ ಪೈಪು, ಎಸಿಯ ತಾಮ್ರದ ಪೈಪು ಹೋಗುವ ತೂತು, ಗೋಡೆ ಮತ್ತು ಸೀಲಿಂಗ್ ಸೇರುವ ಜಾಗ, ಎಲ್ಲವೂ ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಇದ್ದದ್ದು ಗೋಡೆಯ ಬುಡ. ಪಕ್ಕದ ಕೋಣೆಯ ಮುಚ್ಚಿಗೆಯನ್ನು ಹೊತ್ತ ಜಂತೆಗಳು ಗೋಡೆಯ ಕೆಳಗೆ ಹಾದು ಹಾಲಿನ ಕೋವ್ ಪೊಳ್ಳಿನವರೆಗೆ ಬಂದಿದ್ದವು. ಎರಡೆರಡು ಜಂತೆಗಳ ನಡುವಿನ ಬಾಯಿ ಪೂರ್ತಿ ತೆರೆದೇ ಇತ್ತು. ಗೋಡೆಗೆ ಎಷ್ಟೇ ದಪ್ಪದ ಇನ್ಸುಲೇಷನ್ ಹಾಕಿದರೂ ಅಟ್ಟದ ಗಾಳಿ ಅದರ ಬುಡದಿಂದ ನುಸುಳಿ ಬರುತ್ತಿತ್ತು. ಪ್ರತಿಯೊಂದು ಬಾಯಿಗೂ ಅಳತೆಗೆ ಸರಿಯಾಗಿ, ಗಟ್ಟಿ ಫೋಮ್ ಹಾಳೆಯಾದ ಎಕ್ಸ್‌ಪಿಎಸ್ ತುಂಡು ಕತ್ತರಿಸಿ ಕೂರಿಸಿ ಸುತ್ತ ಉಬ್ಬಿ ಸಂದು ತುಂಬುವ ಪಿಯು ಫೋಮ್ ಹೊಡೆಸಿದೆ. ಹೆಚ್ಚು ಸಮಯ ಹಿಡಿದದ್ದೂ ಹೆಚ್ಚು ಫಲ ಕೊಟ್ಟದ್ದೂ ಆ ಕೆಲಸವೇ.

ಆಮೇಲೆ ಸ್ಟಡ್ಡುಗಳ ನಡುವೆ ಫಾಯಿಲ್ ಇಲ್ಲದ 50 ಮಿಲಿಮೀಟರ್ ಗ್ಲಾಸ್‌ವುಲ್, ಅಗಲದಲ್ಲಿ ಒಂದು ಬೆರಳಿನಷ್ಟು ಹೆಚ್ಚಾಗಿ ಕತ್ತರಿಸಿ, ಒತ್ತದೆ ಕೂರಿಸಿದೆವು. ವೈರು ಬಂದಲ್ಲಿ ನೂಲನ್ನು ಸೀಳಿ ಎರಡೂ ಕಡೆ ಬಿಟ್ಟೆವು. ಅದರ ಮೇಲೆ ಅಟ್ಟದ ಕಡೆಯಿಂದ 50 ಮಿಲಿಮೀಟರ್ ಎಕ್ಸ್‌ಪಿಎಸ್ ಹಾಳೆಯನ್ನು ಸ್ಟಡ್ಡುಗಳನ್ನೂ ಮುಚ್ಚುವಂತೆ ಅಖಂಡವಾಗಿ ಹೊದಿಸಿ, ಸಂದುಗಳಿಗೆ ಅಲ್ಯೂಮಿನಿಯಂ ಟೇಪ್ ಅಂಟಿಸಿದೆವು. ಆ ಹಾಳೆಯೊಂದೇ ಗೋಡೆಯ ಯು-ಮೌಲ್ಯವನ್ನು 0.5ರ ಹತ್ತಿರಕ್ಕೆ ತರುತ್ತದೆ, ನೀರಾವಿಯನ್ನೂ ಸರಿಯಾದ ಕಡೆಯಲ್ಲಿ ತಡೆಯುತ್ತದೆ. ಕೊನೆಯ ಪದರ ಸಿಮೆಂಟ್ ಬೋರ್ಡ್. ಎಕ್ಸ್‌ಪಿಎಸ್ ಬೆಂಕಿಗೆ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ವೈರಿಂಗ್ ಇರುವ ಅಟ್ಟದಲ್ಲಿ ಅದನ್ನು ಬರಿದಾಗಿ ಬಿಡಬಾರದು. ಮೇಲಾಗಿ ಇಲಿ, ಹೆಗ್ಗಣ, ಕಬ್ಬೆಕ್ಕುಗಳಿರುವ ಮಲೆನಾಡಿನ ಅಟ್ಟದಲ್ಲಿ ಮೆತ್ತನೆಯ ಯಾವುದೂ ಹೆಚ್ಚು ದಿನ ಬಾಳುವುದಿಲ್ಲ. ಅಟ್ಟಕ್ಕೆ ಹೋಗುವ ಸಣ್ಣ ಬಾಗಿಲಿನ ಬೆನ್ನಿಗೂ ಅದೇ ಹಾಳೆ ಅಂಟಿಸಿ ಚೌಕಟ್ಟಿಗೆ ರಬ್ಬರ್ ಪಟ್ಟಿ ಹಾಕಿಸಿದೆ. ಹೆಂಚಿನ ಸಂದುಗಳನ್ನು ಮುಚ್ಚಲು ಯಜಮಾನರು ಕೇಳಿದರು, ನಾನು ಬೇಡವೆಂದೆ. ಅಟ್ಟ ಉಸಿರಾಡುತ್ತಿರಬೇಕು, ಇಲ್ಲವಾದರೆ ಪಕ್ಕಾಸು ಕುಂಬಾಗುತ್ತದೆ. ಬಿಗಿಯಾಗಿರಬೇಕಾದದ್ದು ಹಾಲಿನ ಪೆಟ್ಟಿಗೆ ಮಾತ್ರ.

ಮುಂದಿನ ಏಪ್ರಿಲ್‌ನಲ್ಲಿ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ಒಳಗಿನಿಂದ ಗೋಡೆ ಅಳೆದಾಗ, ಮೊದಲು 33 ಇದ್ದದ್ದು 27 ತೋರಿಸಿತು. ಈಗ ಸಂಜೆಯ ಹೊತ್ತಿಗೆ ಒಂದೇ ಎಸಿ ಸಾಕಾಗುತ್ತಿದೆ, 24 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ ಎಂದು ಯಜಮಾನರೇ ಅತಿಥಿಗಳಿಗೆ ಹೇಳುತ್ತಾರೆ. ಮಳೆಗಾಲದಲ್ಲಿ ಕೋವ್ ಮೇಲೆ ಕಲೆ ಮತ್ತೆ ಬಂದಿಲ್ಲ.

ಕಚೇರಿಯಲ್ಲಿ ಮಾತ್ರ ಆ ಎಕ್ಸ್‌ಟ್ರಾ ಐಟಂನ ಬಿಲ್ಲಿಗೆ ತಿಂಗಳುಗಟ್ಟಲೆ ಸಹಿ ಬೀಳಲಿಲ್ಲ, ಏಕೆಂದರೆ ಡ್ರಾಯಿಂಗಿನಲ್ಲಿ ಇಲ್ಲದ ಗೋಡೆಗೆ ಮೆಜರ್‌ಮೆಂಟ್ ಶೀಟ್ ಹೇಗೆ ಬಂತು ಎಂಬುದು ಅಕೌಂಟ್ಸ್ ವಿಭಾಗದ ಪ್ರಶ್ನೆಯಾಗಿತ್ತು. ಹೆಂಚಿನ ಗುತ್ತಿಗೆದಾರನ ಹೆಸರಿನಲ್ಲಿ ಬರೆದ ದೂರನ್ನು ಹಿಂಪಡೆಯುವಂತೆ ನಾನು ಎರಡನೆಯ ಪತ್ರ ಬರೆಯಬೇಕಾಯಿತು; ಅವನ ತಪ್ಪಿಲ್ಲದೆ ತಡೆಹಿಡಿದಿದ್ದ ಹಣ ಅನಂತರವೇ ಬಿಡುಗಡೆಯಾಯಿತು. ಈಗ ಸಾಗರದ ಕಡೆ ಇಂಥದೇ ಒಂದು ಮನೆ ನಮ್ಮ ಕೈಗೆ ಬಂದಿದೆ. ಅದಕ್ಕೂ ಸೀಲಿಂಗ್ ಪ್ಲಾನ್ ಒಂದನ್ನೇ ಕಳುಹಿಸಿದ್ದಾರೆ. ಎತ್ತರ ತೋರಿಸುವ ಸೆಕ್ಷನ್ ಡ್ರಾಯಿಂಗ್ ಬರುವವರೆಗೆ, ಏರಿಸಿದ ಸೀಲಿಂಗಿನ ಸುತ್ತಲಿನ ಗೋಡೆಗೆ ಪ್ರತ್ಯೇಕ ಐಟಂ ಸೇರುವವರೆಗೆ ಮುಚ್ಚಿಗೆಯ ಹಲಗೆಯೊಂದನ್ನೂ ಬಿಚ್ಚುವುದಿಲ್ಲ ಎಂದು ನಾನೂ ಮೇಸ್ತ್ರಿಯೂ ಮೇಲಿನವರಿಗೆ ಬರೆದು ಕೊಟ್ಟಿದ್ದೇವೆ.